ಕಲೆ

ಹಲ್ ಊರಿನ ಹಳೇ ಹಡಗುಕಟ್ಟೆಯ ಹಿಂದೆ
ನನ್ನ ಕಾಗದದ ಆಸ್ಪತ್ರೆ.
ಮಂಗಳವಾರ ಹತ್ತೂವರೆಗೆ
ಮೀನಂಗಡಿಯ ಚೀಲದಲ್ಲಿ ಸುತ್ತಿ ತಂದ
ಕ್ಲಿಫರ್ಡ್ ಬ್ಲೆಂಕಿನ್:
"ಇದು ನಮ್ಮ ಮನೆಯ ಈಜಿಪ್ಟು."

ಮೇಜಿನ ಮೇಲೆ ಹರಡಿದೆ.
ತಾಮ್ರದ ತಗಡಿನಿಂದ ಎತ್ತಿದ ಅಚ್ಚು.
ಮುಕ್ಕಾಲು ಹಾಳೆ ತುಂಬ ಒಂದೇ ಪಿರಮಿಡ್,
ಚೂಪು, ಈಜಿಪ್ಟಿನವಕ್ಕಿಂತ ಚೂಪು;
ಮರಳಿಲ್ಲ, ಒಂಟೆಯಿಲ್ಲ,
ಇಟ್ಟಿಗೆಯ ಕೋಟೆಗೋಡೆಯೊಂದು ಪಕ್ಕೆಗೆ ಒತ್ತಿ ನಿಂತಿದೆ.
ಕಲ್ಲಿನ ಸಂದಿಯಲ್ಲಿ ಗಿಡ. ಬುಡದಲ್ಲಿ ಇರುವೆಯಷ್ಟು ಮನುಷ್ಯರು
ಕೈ ಎತ್ತಿ ಏನನ್ನೋ ತೋರಿಸುತ್ತಾರೆ,
ಮೇಕೆಯೊಂದಕ್ಕೆ ಮಾತ್ರ ಅದರ ಗೊಡವೆಯಿಲ್ಲ.

"ಇದು ರೋಮ್," ಅಂದೆ.
"ರೋಮ್?"
ಬಾಯಲ್ಲಿ ಮುಳ್ಳು ಸಿಕ್ಕವನಂತೆ
ದವಡೆ ಆಡಿಸಿದ.

ಆಗ ಅವರಿಗೆ ಈಜಿಪ್ಟಿನ ಹುಚ್ಚು, ಎಂದು ಹೇಳಿದೆ.
ಸೋತ ನಾಡಿನ ಉಡುಗೆ ಗೆದ್ದವರ ಮೈಗೆ ಹತ್ತಿತ್ತು.
ದೇವರ ಔತಣ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬನ ಗೋರಿ.
ಉಯಿಲಿನ ಪ್ರಕಾರ ಮುನ್ನೂರ ಮೂವತ್ತು ದಿನದಲ್ಲಿ ಕೆಲಸ ಮುಗಿಯಿತೆಂದು
ಅದರ ಮೇಲೆಯೇ ಕೊರೆದಿದ್ದಾರೆ,
ಗುತ್ತಿಗೆದಾರನ ರಸೀತಿಯ ಹಾಗೆ.
ಈ ತಗಡು ಕೊರೆದವನೂ ಅಷ್ಟೆ:
ಹೆಸರಿನ ಅಕ್ಷರ ತಿರುವಿ ಕೊರೆದು ನೇರ ಬರಿಸಿದ,
ಗೋಡೆ ತಿರುವಲು ಮರೆತ;
ಅದು ತಪ್ಪು ಮಗ್ಗುಲಿಗೆ ಬಿದ್ದಿದೆ.

ಕ್ಲಿಫರ್ಡ್ ಕೇಳಿಸಿಕೊಳ್ಳುತ್ತಿರಲಿಲ್ಲ.
"ಹುಳ ತಿಂದದ್ದು ತುಂಬು. ಹಳದಿ ತೊಳೆ.
ಇದನ್ನು ಮಾತ್ರ ಮುಟ್ಟಬೇಡ."
ಮೇಕೆಯ ನೆತ್ತಿಯಿಂದ ಹಾಳೆಯಂಚಿನವರೆಗೆ
ಕಂದು ಬಣ್ಣದ ಹರಿವು.
ಚಹಾ.

ಅವನ ತಾಯಿ ಎನಿಡ್
ಹಡಗಿನ ಸಾಹುಕಾರರ ಮನೆಯಲ್ಲಿ ನೆಲ ಒರೆಸಿದವಳು.
ಎರಡು ತಿಂಗಳ ಬಾಕಿ ಪಗಾರಕ್ಕೆ
ಸಿಕ್ಕಿದ್ದು ಈ ಚಿತ್ರ, ಅದೂ ಚೌಕಟ್ಟು ಕಳಚಿಕೊಂಡು ಕೊಟ್ಟರು.
"ಒಲೆಗೆ ಹಾಕಿದರೆ ಒಂದು ನಿಮಿಷದ ಕಾವೂ ಬರಲ್ಲ,"
ಅಂದ ಗಂಡ ವಿಲ್ಫ್.
ಎನಿಡ್ ಕೈಯ ಕಪ್ ಎಸೆದಳು.
ಗುರಿ ಗಂಡನಿಗೆ, ಏಟು ಗೋಡೆಗೆ.

ಯಾರೂ ಉಸಿರಾಡಲಿಲ್ಲ.
ಯುದ್ಧದಲ್ಲಿ ಅಲೆಕ್ಸಾಂಡ್ರಿಯಾ ಬಂದರು ಕಂಡುಬಂದಿದ್ದ ವಿಲ್ಫ್
ಹತ್ತಿರ ಹೋಗಿ, ತಲೆ ವಾಲಿಸಿ ನೋಡಿದ.
"ಈಗ ಸರಿಹೋಯ್ತು ನೋಡು.
ನೈಲ್ ಬಂತು."

ಆರು ವರ್ಷದ ಕ್ಲಿಫರ್ಡ್ ಮೇಜಿನ ಕೆಳಗಿದ್ದ.
ಅಪ್ಪ ಅಮ್ಮ ಒಟ್ಟಿಗೆ ನಕ್ಕದ್ದು ಅವನು ಕಂಡದ್ದು ಅದೊಂದೇ ಸಲ.
ಕಂಡದ್ದೂ ಅಲ್ಲ,
ನಾಲ್ಕು ಪಾದ ಅಲುಗಿದ್ದು ಕಂಡದ್ದು.

ಸಂಜೆ ಚಹಾದ ಮೇಲೆ ಮೇಣ ಸವರಿದೆ,
ಕೆಲವು ದಿನಕ್ಕೆ ತಾನೇ ಆವಿಯಾಗಿ ಹೋಗುವ ಜಾತಿಯದು.
ತೊಟ್ಟಿಗೆ ನೀರು ಬಿಟ್ಟು ಹಾಳೆ ಇಳಿಸಿದೆ.
ಗೋಡೆ ಮುಳುಗಿತು, ಪಿರಮಿಡ್ ಮುಳುಗಿತು,
ಕೈ ಎತ್ತಿದವರು ಈಗ
ದೋಣಿ ಕರೆಯುವವರಂತೆ ಕಂಡರು.
ನೀರು ಹಳದಿಗಟ್ಟಿತು. ಚೆಲ್ಲಿದೆ. ಮತ್ತೆ ಹಳದಿ. ಮತ್ತೆ ಚೆಲ್ಲಿದೆ.

ಒದ್ದೆಯಾದರೆ ಈ ಕಾಗದ ಕೈಗೆ ಬಟ್ಟೆಯೇ.
ಹಳೇ ಲಿನನ್ ಚಿಂದಿ ಕೊಳೆಸಿ ಕುಟ್ಟಿ ಮಾಡಿದ್ದು:
ಯಾರದೋ ಅಂಗಿ, ಯಾರದೋ ಹಾಸಿಗೆಯ ಮೇಲುಹಾಸು.
ಕಲಬುರಗಿಯ ನಮ್ಮ ಓಣಿಗೆ ಬರುತ್ತಿದ್ದಳು
ಹಳೇ ಸೀರೆಗೆ ಸ್ಟೀಲ್ ಡಬ್ಬಿ ಕೊಡುವವಳು;
ಜರಿ ಇದ್ದರೆ ಮಾತ್ರ ಮುಚ್ಚಳ.
ಆ ಸೀರೆಗಳೆಲ್ಲ ಎಲ್ಲಿಗೆ ಹೋದವೆಂದು ನಾವು ಕೇಳಲಿಲ್ಲ.
ಈಜಿಪ್ಟಿನ ರಾಜರನ್ನು ಸುತ್ತಿದ್ದೂ ಇದೇ ನಾರಲ್ಲವೇ
ಎಂದು ಹೊಳೆದು
ಕೈ ಸ್ವಲ್ಪ ಹಗುರ ಮಾಡಿದೆ.

ಮುಂದಿನ ಸೋಮವಾರ ಮೇಣ ಹೋಗಿತ್ತು, ಹೇಳದೆ ಕೇಳದೆ.
ಬೆಳ್ಳಗಾದ ಆಕಾಶದ ಕೆಳಗೆ
ಚಹಾ ಮೊದಲಿಗಿಂತ ಗಾಢವಾಗಿ ಎದ್ದು ನಿಂತಿತ್ತು,
ಪಿರಮಿಡ್ಡನ್ನು ಅದರ ದಂಡೆಯಲ್ಲಿ ಆಮೇಲೆ ಕಟ್ಟಿದರೇನೋ ಅನ್ನುವಷ್ಟು.
ಭೂತಗನ್ನಡಿ ಹಿಡಿದಾಗ ಸಿಕ್ಕಿತು,
ಮೇಕೆಯ ಬಾಯಿಯ ಹತ್ತಿರ
ಅರವತ್ತು ವರ್ಷದಿಂದ ಅಂಟಿ ಕುಳಿತ
ಚಹಾ ಎಲೆಯ ಚೂರು.
ತೆಗೆಯಲಿಲ್ಲ.

ಇಂಗ್ಲಿಷ್ ವರದಿ ಕ್ಲಿಫರ್ಡನಿಗೆ.
ನನ್ನ ನೋಟ್‌ಬುಕ್ಕಿಗೆ ಇಷ್ಟು:
ಹುಳದ ತೂತು ಹನ್ನೊಂದು, ತುಂಬಿದೆ.
ಮಡಿಕೆ, ಬಿಡಿಸಿದೆ.
ಕಲೆ, ಇದೆ.